ನಮ್ಮ ನಂತರ ಇವನಿಗೆ ಯಾರು?

ಆಟಿಸಂ ಇರುವವರ ಕಲಿಕೆ, ದುಡಿಮೆ ಮತ್ತು ನಮ್ಮ ದಾನಧರ್ಮ

ಪಠಣಕ್ಕೆ: ಮತ್ತಾಯ 20:1–16



ಒಂದು ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ತಮ್ಮ ಹತ್ತೊಂಬತ್ತು ವರ್ಷದ ಮಗನ ಕೈ ಹಿಡಿದುಕೊಂಡು ಗುರುನಿವಾಸದ ಬಾಗಿಲಿಗೆ ಬಂದರು. ದೊಡ್ಡಬಳ್ಳಾಪುರದ ಕಡೆಯವರು; ಗಂಡ ಮಗ್ಗದ ಕೆಲಸಗಾರ. ಹುಡುಗನಿಗೆ ಮಾತು ಕಡಿಮೆ. ತಾಯಿ ನನ್ನೊಡನೆ ಮಾತನಾಡುತ್ತಿರುವಾಗ ಅವನು ಬಾಗಿಲ ಬಳಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಇಡುತ್ತಿದ್ದ. ಕಷ್ಟ ಹೇಳಿಕೊಳ್ಳಲು ಬಂದಿರಬೇಕೆಂದು ಭಾವಿಸಿ ನಾನು ಬಡವರ ನಿಧಿಯಿಂದ ಐನೂರು ರೂಪಾಯಿಯ ಲಕೋಟೆಯೊಂದನ್ನು ತಂದು ಕೊಟ್ಟೆ. ಆಕೆ ಅದನ್ನು ಮೇಜಿನ ಮೇಲಿಟ್ಟರು.

"ದುಡ್ಡು ಬ್ಯಾಡ ಫಾದರ್. ಇವನ ಸ್ಕೂಲು ಮುಗೀತು. ಆದ್ರೂ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬ್ಯಾಗು ಹಾಕ್ಕೊಂಡು ಬಾಗಿಲಲ್ಲಿ ನಿಂತ್ಕೋತಾನೆ. ಇವನು ಹೋಗೋಕೆ ಎಲ್ಲಾದ್ರೂ ಒಂದು ಜಾಗ ಇದ್ರೆ ಹೇಳಿ" ಎಂದರು. ಸ್ವಲ್ಪ ತಡೆದು, "ನಾವಿರೋ ತನಕ ಸರಿ. ನಮ್ಮ ನಂತರ ಇವನಿಗೆ ಯಾರು?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಲಕೋಟೆ ಮಾತ್ರ ಇತ್ತು. ಆ ರಾತ್ರಿ ನನಗೆ ನೆನಪಾದದ್ದು ದ್ರಾಕ್ಷಿ ತೋಟದ ಕೂಲಿಯಾಳುಗಳ ಸಾಮತಿ. ಯಜಮಾನ ಬೆಳಗಿನ ಜಾವದಲ್ಲಿ ಹೊರಟು ಆಳುಗಳನ್ನು ಕರೆಯುತ್ತಾನೆ. ಮತ್ತೆ ಮೂರು ಸಲ ಹೋಗುತ್ತಾನೆ. ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಕೊನೆಯ ಸಲ ಹೋದರೆ, ಅಲ್ಲಿ ಇನ್ನೂ ಕೆಲವರು ನಿಂತೇ ಇದ್ದಾರೆ. ದಿನವೆಲ್ಲಾ ಸುಮ್ಮನೆ ಏಕೆ ನಿಂತಿದ್ದೀರಿ ಎಂದು ಕೇಳಿದಾಗ ಅವರು ಕೊಟ್ಟ ಕಾರಣ ಸೋಮಾರಿತನವಲ್ಲ, ಅಶಕ್ತಿಯೂ ಅಲ್ಲ; ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬುದು. ದ್ರಾಕ್ಷಿ ಬೆಳೆಯುವ ನಮ್ಮ ಸೀಮೆಯಲ್ಲಿ ಈ ಸಾಮತಿಯನ್ನು ಎಷ್ಟೋ ಸಲ ಪ್ರಬೋಧಿಸಿದ್ದೇನೆ. ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವ ಆ ಹುಡುಗನೇ ಸಂಜೆಯವರೆಗೂ ಕರೆಯಿಲ್ಲದೆ ನಿಂತ ಕೂಲಿಯಾಳು ಎಂಬುದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಈ ವಾರದ ಪಾಠ ಅವನಂಥವರನ್ನು ಕುರಿತದ್ದು.

ಆಟಿಸಂ ಎಂದರೇನು?

ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. 1943ರಲ್ಲಿ ಅಮೆರಿಕದಲ್ಲಿ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಇದು ವೈದ್ಯಲೋಕದಲ್ಲಿ ಪ್ರತ್ಯೇಕವಾಗಿ ಗುರುತಿಗೆ ಬಂತು. ಇದು ಸೋಂಕಲ್ಲ, ಹುಚ್ಚಲ್ಲ. ಮೆದುಳಿನ ಬೆಳವಣಿಗೆಯೇ ಬೇರೆ ರೀತಿಯಲ್ಲಿ ಸಾಗುವ ಒಂದು ಸ್ಥಿತಿ. ಇತರರೊಡನೆ ಬೆರೆಯುವುದು, ಮಾತಿನ ಮತ್ತು ಮುಖಭಾವದ ಅರ್ಥ ಹಿಡಿಯುವುದು ಈ ಮಕ್ಕಳಿಗೆ ಕಷ್ಟ. ಒಂದೇ ಕೆಲಸವನ್ನು, ಒಂದೇ ಕ್ರಮವನ್ನು ಮತ್ತೆ ಮತ್ತೆ ಮಾಡಲು ಬಯಸುತ್ತಾರೆ. ಕ್ರಮ ತಪ್ಪಿದರೆ ಕಳವಳಗೊಳ್ಳುತ್ತಾರೆ. ಕೆಲವರಿಗೆ ಧ್ವನಿವರ್ಧಕದ ಸದ್ದು, ಪಟಾಕಿ, ಟ್ಯೂಬ್‌ಲೈಟ್, ಒರಟು ಬಟ್ಟೆ ಇವು ಸಹಿಸಲಾಗದಷ್ಟು ಹಿಂಸೆ ಕೊಡುತ್ತವೆ.

ಎಲ್ಲರೂ ಒಂದೇ ತರಹ ಇರುವುದಿಲ್ಲ. ಒಬ್ಬ ಎಂದೂ ಮಾತನಾಡದಿರಬಹುದು. ಇನ್ನೊಬ್ಬಳು ಕಾಲೇಜು ಮುಗಿಸಿಯೂ ಗೆಳತಿಯರಿಲ್ಲದೆ ಒಬ್ಬಳೇ ಉಳಿಯಬಹುದು. ಕೆಲವರಿಗೆ ಬುದ್ಧಿಯ ಬೆಳವಣಿಗೆಯೂ ನಿಧಾನ, ಕೆಲವರಿಗೆ ಅಲ್ಲ. ಮಾತಿಲ್ಲದ ಮಗುವಿಗೆ ಅರಿವಿಲ್ಲವೆಂದು ತಿಳಿದು ಅದರ ಎದುರಿಗೇ ಅದರ ಬಗ್ಗೆ ಹಗುರವಾಗಿ ಮಾತನಾಡುವುದು ನಾವೆಲ್ಲರೂ ಮಾಡುವ ತಪ್ಪು.

ಮಗುವಿಗೆ ಒಂದು ವರ್ಷವಾದರೂ ಹೆಸರು ಕೂಗಿದಾಗ ತಿರುಗದಿದ್ದರೆ, ತೊದಲದಿದ್ದರೆ, ಬೇಕಾದದ್ದನ್ನು ಬೆರಳು ತೋರಿಸಿ ಕೇಳದಿದ್ದರೆ, ಒಂದೂವರೆ ವರ್ಷವಾಗುತ್ತಾ ಬಂದರೂ ಒಂದು ಪದವೂ ಬಾರದಿದ್ದರೆ, ಅಥವಾ ಬಂದ ಮಾತು ನಿಂತುಹೋದರೆ ವೈದ್ಯರಿಗೆ ತೋರಿಸಬೇಕು. "ಅವರ ತಾತನಿಗೂ ಮಾತು ತಡವಾಗಿ ಬಂತು" ಎಂದು ಅಜ್ಜಿಯಂದಿರು ಸಮಾಧಾನ ಹೇಳುವುದುಂಟು. ಪ್ರೀತಿಯಿಂದ ಹೇಳಿದ ಆ ಮಾತಿನಿಂದ ಬೆಲೆಬಾಳುವ ಎರಡು ಮೂರು ವರ್ಷಗಳು ಕಳೆದುಹೋಗಬಹುದು.

ಯಾರ ತಪ್ಪು?

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇವನು ಹೀಗೆ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಪ್ರಭುವನ್ನು ಕೇಳಿದರು (ಯೊವಾನ್ನ 9). ಇಬ್ಬರೂ ಅಲ್ಲ ಎಂದರು ಪ್ರಭು. ಎರಡು ಸಾವಿರ ವರ್ಷವಾದರೂ ನಾವು ಅದೇ ಪ್ರಶ್ನೆ ಕೇಳುತ್ತಿದ್ದೇವೆ. ಅತ್ತೆ ಸೊಸೆಯನ್ನು ದೂರುತ್ತಾಳೆ. ನೆರೆಯವರು ಗ್ರಹಣವನ್ನೋ ಶಾಪವನ್ನೋ ಹೆಸರಿಸುತ್ತಾರೆ. ವಿದ್ಯಾವಂತರೂ ಇದಕ್ಕೆ ಹೊರತಲ್ಲ. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತೆಂಬ ವಾದ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ನಡೆಯಿತು. ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು 1964ರಲ್ಲಿ ಪುಸ್ತಕ ಬರೆದು ಅದನ್ನು ಖಂಡಿಸಿದರು. ಅವರ ಮಗನಿಗೂ ಆಟಿಸಂ ಇತ್ತು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯಕ್ಕೆ ಕಾರಣವಾದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಹೆಚ್ಚಿನ ಪಾಲು ಇದು ವಂಶವಾಹಿಗಳಿಗೆ ಸಂಬಂಧಿಸಿದ್ದು ಎಂಬುದು ಇಂದಿನ ತಿಳಿವಳಿಕೆ. ತಾಯಂದಿರೇ, ಇದು ನಿಮ್ಮ ತಪ್ಪಲ್ಲ.

ಇದನ್ನು ಸಂಪೂರ್ಣ ಗುಣಪಡಿಸುವ ಔಷಧವಿಲ್ಲ. ಲಕ್ಷಾಂತರ ರೂಪಾಯಿ ಕೇಳಿ ಗುಣಪಡಿಸುತ್ತೇವೆನ್ನುವವರಿಂದ ದೂರವಿರಿ. ಪ್ರಾರ್ಥನೆ ಅಗತ್ಯ, ಆದರೆ ಒಂದು ಧ್ಯಾನಕೂಟದಿಂದ ಇನ್ನೊಂದಕ್ಕೆ ಮಗುವನ್ನು ಎಳೆದುಕೊಂಡು ಹೋಗಿ, ದೆವ್ವ ಬಿಡಿಸುವವರ ಮುಂದೆ ನಿಲ್ಲಿಸಿ ಹೆದರಿಸುವುದು ಪ್ರಾರ್ಥನೆಯಲ್ಲ. ಈ ಮಕ್ಕಳನ್ನು ಬೆಳೆಸುವುದು ತಾಳ್ಮೆಯ ಕಲಿಸುವಿಕೆ. ಮಾತು, ಸ್ನಾನ, ಊಟ, ರಸ್ತೆ ದಾಟುವುದು ಎಲ್ಲವನ್ನೂ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸಬೇಕು. ಅದಕ್ಕೆ ಹಣವೂ ಬೇಕು, ಜನವೂ ಬೇಕು.

ದಾನದ ಮೆಟ್ಟಿಲುಗಳು

ದಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದೇನು? ವಿಶೇಷ ಮಕ್ಕಳ ಶಾಲೆಗೆ ಹೋಗಿ ಬಾಳೆಹಣ್ಣು, ಬಿಸ್ಕತ್ತು ಹಂಚಿ, ಒಂದು ಫೋಟೊ ತೆಗೆಸಿಕೊಂಡು ಬರುವುದು. ವಿಶ್ವಸಂಸ್ಥೆ 2007ರಲ್ಲಿ ತೀರ್ಮಾನಿಸಿದಂತೆ ಪ್ರತಿವರ್ಷ ಏಪ್ರಿಲ್ 2ರಂದು ವಿಶ್ವ ಆಟಿಸಂ ಅರಿವಿನ ದಿನ ನಡೆಯುತ್ತದೆ. ಅಂದು ಹಣ್ಣು ಬಂತು, ಸರಿ. ಏಪ್ರಿಲ್ 3ರ ಬೆಳಿಗ್ಗೆ ಆ ಮಗು ಎಲ್ಲಿಗೆ ಹೋಗಬೇಕು?

12ನೇ ಶತಮಾನದಲ್ಲಿ ಮೈಮನಿಡೀಸ್ ಎಂಬ ಯೆಹೂದಿ ಪಂಡಿತರು ದಾನಕ್ಕೆ ಎಂಟು ಮೆಟ್ಟಿಲುಗಳಿವೆ ಎಂದು ಬರೆದರು. ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದಿದವರಿಗೆ ಇವರು ಹೊಸಬರಲ್ಲ. ಅಕ್ವಿನಾಸರು ಹಲವೆಡೆ ಇವರ ಅಭಿಪ್ರಾಯವನ್ನು ಉಲ್ಲೇಖಿಸುತ್ತಾರೆ. ಮನಸ್ಸಿಲ್ಲದೆ ಕೊಡುವುದು ಕೆಳಗಿನ ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು, ಬಿದ್ದವನಿಗೆ ಕೊಡುಗೆಯನ್ನೋ ಸಾಲವನ್ನೋ ಕೊಟ್ಟು, ಪಾಲುದಾರನನ್ನಾಗಿ ಮಾಡಿಕೊಂಡು, ಅಥವಾ ಕೆಲಸ ಹುಡುಕಿಕೊಟ್ಟು, ಅವನು ಮತ್ತೆ ಕೈಚಾಚದಂತೆ ಮಾಡುವುದು.

ನಮ್ಮ ಧರ್ಮಸಭೆಯ ಕರುಣಾಕಾರ್ಯಗಳಲ್ಲೂ ಹಸಿದವರಿಗೆ ಅನ್ನ ನೀಡುವುದರ ಜೊತೆಗೆ ಅರಿಯದವರಿಗೆ ಕಲಿಸುವುದು ಸೇರಿದೆ. ಜಗದ್ಗುರು ಎರಡನೇ ಜಾನ್ ಪಾಲರು ದುಡಿಮೆಯನ್ನು ಕುರಿತು 1981ರಲ್ಲಿ ಬರೆದ ವಿಶ್ವಪತ್ರದಲ್ಲಿ ಅಂಗವಿಕಲರ ದುಡಿಮೆಗೇ ಒಂದು ಭಾಗವನ್ನು ಮೀಸಲಿಟ್ಟರು. ಪೂರ್ಣ ಬಲವುಳ್ಳವರಿಗೆ ಮಾತ್ರ ಕೆಲಸದಲ್ಲಿ ಸ್ಥಾನ ಕೊಡುವ ಸಮಾಜ ಮನುಷ್ಯನಿಗೆ ತಕ್ಕದ್ದಲ್ಲ ಎಂಬುದು ಅವರ ಬೋಧನೆಯ ಸಾರ. ಸಾಮತಿಯ ಯಜಮಾನನೂ ಆ ಸಂಜೆ ನಿಂತಿದ್ದವರ ಕೈಗೆ ಕಾಸು ಹಾಕಿ ಮನೆಗೆ ಕಳುಹಿಸಲಿಲ್ಲ. ಮೊದಲು ತೋಟದೊಳಕ್ಕೆ ಕರೆದ. ಆಮೇಲೆ ಕೂಲಿ ಕೊಟ್ಟ.

ಕಲಿಕೆಗೆ ಆಸರೆ

ಬೆಂಗಳೂರಿನಲ್ಲಿ ಈ ಮಕ್ಕಳಿಗಾಗಿ ದುಡಿಯುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ. ಕೋರಮಂಗಲದ ನಮ್ಮ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1995ರಲ್ಲಿ ಆರಂಭವಾದ ಆಶಾ ಸಂಸ್ಥೆ ಆಟಿಸಂ ಇರುವ ಮಕ್ಕಳಿಗೆಂದೇ ಶಾಲೆ ನಡೆಸುತ್ತಾ ಬಂದಿದೆ. ಮಾತಿನ ತಜ್ಞೆ ಡಾ. ಪ್ರತಿಭಾ ಕಾರಂತ್ ಅವರು 2000ದ ಸುಮಾರಿಗೆ ಆರಂಭಿಸಿದ ಕಾಮ್‌ಡೀಲ್ ಕಾರ್ಯಕ್ರಮ, ಎಳೆಯ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸಿದ್ಧಗೊಳಿಸುವ ಗುರಿಯದು. ಇಂಥ ಕೆಲಸಗಳ ಹಿಂದೆ ಬಹಳ ಕಡೆ ಹೆತ್ತವರೇ ಇದ್ದಾರೆ. 1991ರಲ್ಲಿ ದೆಹಲಿಯಲ್ಲಿ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯನ್ನು ಕಟ್ಟಿದ ಮೆರಿ ಬರುವಾ ಒಬ್ಬ ತಾಯಿ. ಮಗನಿಗೆ ತಕ್ಕ ಶಾಲೆ ಸಿಗದಾಗ ತಾವೇ ಶಾಲೆ ತೆರೆದವರು.

ಆದರೆ ಇವೆಲ್ಲ ಇರುವುದು ನಗರದಲ್ಲಿ. ನೆಲಮಂಗಲದ ಹಳ್ಳಿಯ ತಾಯಿಯೊಬ್ಬಳು ವಾರಕ್ಕೆ ಎರಡು ದಿನ ಮಗುವನ್ನು ನಿಮ್ಹಾನ್ಸಿಗೆ ಕರೆದುಕೊಂಡು ಹೋಗಬೇಕೆಂದರೆ ಬಸ್ಸು ಬದಲಿಸಬೇಕು. ನೂಕುನುಗ್ಗಲಿನಲ್ಲಿ ಕಿವಿ ಮುಚ್ಚಿಕೊಂಡು ಕಿರುಚುವ ಮಗುವನ್ನು ಎದೆಗೊತ್ತಿಕೊಂಡು ನಿಲ್ಲಬೇಕು. ಎರಡು ದಿನದ ಕೂಲಿ ಬಿಡಬೇಕು. ಮೂರು ತಿಂಗಳಾಗುವಷ್ಟರಲ್ಲಿ ಅವಳು ಸೋತು ನಿಲ್ಲಿಸುತ್ತಾಳೆ. ಚಿಕಿತ್ಸೆ ನಿಂತದ್ದು ಚಿಕಿತ್ಸೆಯ ಖರ್ಚಿನಿಂದಲ್ಲ, ದಾರಿಯ ಖರ್ಚಿನಿಂದ. ದಾನಿಗಳ ಕಣ್ಣಿಗೆ ಬೀಳದ ಖರ್ಚು ಇದು. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಮೇಲೆ ಹೆಸರು ಉಳಿಯುತ್ತದೆ. ಬಸ್ ಚಾರ್ಜಿಗೆ ಕೊಟ್ಟರೆ ಹೆಸರು ಉಳಿಯುವುದಿಲ್ಲ, ಮಗುವಿನ ಕಲಿಕೆ ಉಳಿಯುತ್ತದೆ. ಒಂದು ಧರ್ಮಕೇಂದ್ರದ ನಲವತ್ತು ಮನೆಗಳು ತಿಂಗಳಿಗೆ ನೂರು ರೂಪಾಯಿ ಎತ್ತಿಟ್ಟರೆ ನಾಲ್ಕು ಸಾವಿರವಾಯಿತು. ತಪಸ್ಸುಕಾಲದಲ್ಲಿ ಮಾತ್ರ ಕೊಟ್ಟರೆ ಸಾಲದು. ಮಗು ಕಲಿಯುವಷ್ಟು ಕಾಲವೂ ಕೊಡಬೇಕು.

ಹತ್ತಿರದಲ್ಲಿ ಸಿಗುವ ನೆರವನ್ನೂ ತಿಳಿದಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಬೆಳವಣಿಗೆಯ ಕುಂಠಿತವೂ ಆ ಪರೀಕ್ಷೆಯ ಭಾಗ. ಅಂದು ನಾಚಿಕೆಯಿಂದ ಮಗುವನ್ನು ಮನೆಯಲ್ಲೇ ಬಿಡಬೇಡಿ. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು, ಕಷ್ಟ ಬಲ್ಲವರು.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅದು ಸೇರಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಇದೂ ಒಂದು. ಶೇಕಡ 40 ಅಥವಾ ಹೆಚ್ಚಿನ ವೈಕಲ್ಯವೆಂದು ಪ್ರಮಾಣಪತ್ರವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆರಿಸುವ ಸ್ವಾತಂತ್ರ್ಯವೂ ಇದೆ. ಇಲ್ಲಿ ನಮ್ಮ ಕ್ರೈಸ್ತ ಶಾಲೆಗಳಿಗೊಂದು ಮಾತು. "ನಮ್ಮಲ್ಲಿ ಅಂಥ ಮಕ್ಕಳಿಗೆ ಸೌಲಭ್ಯವಿಲ್ಲ" ಎಂದು ಸೌಮ್ಯವಾಗಿ ಹೇಳಿ ಬಾಗಿಲು ಮುಚ್ಚುವುದು ಸುಲಭ. ಒಬ್ಬ ಶಿಕ್ಷಕಿಯನ್ನು ವಿಶೇಷ ಶಿಕ್ಷಣದ ತರಬೇತಿಗೆ ಕಳುಹಿಸಲು ಒಂದು ಶಾಲಾ ವಾರ್ಷಿಕೋತ್ಸವದ ಶಾಮಿಯಾನಕ್ಕಿಂತ ಹೆಚ್ಚು ಖರ್ಚಾಗಲಾರದು.

ಹದಿನೆಂಟರ ನಂತರ

ಶಾಲೆ ಇರುವವರೆಗೆ ದಿನಕ್ಕೊಂದು ಕ್ರಮವಿರುತ್ತದೆ. ಶಾಲೆ ಮುಗಿದ ಮರುದಿನ ಆ ಕ್ರಮ ಕುಸಿಯುತ್ತದೆ. ಕಲಿತದ್ದು ಮರೆಯುತ್ತದೆ, ಕೋಪ ಹೆಚ್ಚುತ್ತದೆ; ಮೀಸೆ ಬಂದ ಮಗನನ್ನು ಹಿಡಿದು ನಿಲ್ಲಿಸುವ ಶಕ್ತಿ ತಾಯಿಗೆ ಇರುವುದಿಲ್ಲ. ದಾನಿಗಳ ಮನಸ್ಸು ಪುಟ್ಟ ಮಕ್ಕಳಿಗೆ ಕರಗುವಷ್ಟು ದೊಡ್ಡವರಿಗೆ ಕರಗುವುದಿಲ್ಲ. ನಿಜವಾದ ಅಭಾವ ಇರುವುದು ಇಲ್ಲಿ.

ಕೆಲಸ ಸಾಧ್ಯವೇ? ಹೊಸಕೋಟೆಗೆ ಹತ್ತಿರದ ವೈಟ್‌ಫೀಲ್ಡ್‌ನಲ್ಲಿರುವ ಎಸ್‌ಎಪಿ ಎಂಬ ಜರ್ಮನ್ ಸಾಫ್ಟ್‌ವೇರ್ ಕಂಪನಿ ಆಟಿಸಂ ಇರುವ ಆರು ಮಂದಿಯನ್ನು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಪ್ರಯೋಗಾರ್ಥವಾಗಿ ಸೇರಿಸಿಕೊಂಡಿತ್ತು. ತಪ್ಪು ಹುಡುಕುವ ಕೆಲಸಕ್ಕೆ ಬೇಕಾದ ಏಕಾಗ್ರತೆ ಅವರಲ್ಲಿತ್ತು. ಆ ಅನುಭವದ ಮೇಲೆ ಕಂಪನಿ 2013ರಲ್ಲಿ ಅದನ್ನು ಲೋಕದ ಇತರ ಕಚೇರಿಗಳಿಗೂ ವಿಸ್ತರಿಸುವುದಾಗಿ ಘೋಷಿಸಿತು. ಇದರಲ್ಲಿ ಜೊತೆಯಾದ ಸ್ಪೆಷಲಿಸ್ಟರ್ನ ಎಂಬ ಸಂಸ್ಥೆಯನ್ನು 2004ರಲ್ಲಿ ಡೆನ್ಮಾರ್ಕಿನಲ್ಲಿ ಕಟ್ಟಿದವರು ತೊರ್ಕಿಲ್ ಸೊನ್ನ, ಆಟಿಸಂ ಇರುವ ಹುಡುಗನ ತಂದೆ. ಅದೇ ಕಂಪನಿ 2025ರಲ್ಲಿ ನಮ್ಮ ದೇವನಹಳ್ಳಿಯಲ್ಲೇ ಹೊಸ ಆವರಣ ತೆರೆದಿದೆ.

ಎಲ್ಲರೂ ಕಂಪ್ಯೂಟರ್ ಮುಂದೆ ಕೂರಲಾರರು, ಕೂರಬೇಕಾಗಿಯೂ ಇಲ್ಲ. ಅಲೀನಾ ಆಲಂ ಎಂಬ ಯುವತಿ 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಮಿಟ್ಟಿ ಕೆಫೆ ಆರಂಭಿಸಿದರು. ಅಲ್ಲಿ ಚಹಾ, ತಿಂಡಿ ತಯಾರಿಸಿ ಬಡಿಸುವವರು ನಾನಾ ಬಗೆಯ ವೈಕಲ್ಯವುಳ್ಳವರು. 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಅದು ಕಾಲಿಟ್ಟಿತು. ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಮಾನ ನಿಲ್ದಾಣದಲ್ಲೂ ತೆರೆಯಿತು. 1959ರಲ್ಲಿ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಕಟ್ಟಿದ ಎಪಿಡಿ ಸಂಸ್ಥೆ ವಿಕಲಚೇತನರಿಗೆ ತೋಟಗಾರಿಕೆಯ ತರಬೇತಿ ಕೊಡುತ್ತಾ ಬಂದಿದೆ. ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಹೂವಿನ ನರ್ಸರಿ, ಗುಲಾಬಿ ತೋಟ, ದೊಡ್ಡಬಳ್ಳಾಪುರದ ಸಿದ್ಧ ಉಡುಪಿನ ಕಾರ್ಖಾನೆ, ನೆಲಮಂಗಲ ಹೊಸಕೋಟೆಗಳ ಗೋದಾಮು, ಬೇಕರಿ, ಪ್ರೆಸ್ಸು. ಎಣಿಸುವುದು, ಬೇರ್ಪಡಿಸುವುದು, ಜೋಡಿಸುವುದು, ಪ್ಯಾಕ್ ಮಾಡುವುದು ಎಲ್ಲೆಡೆ ಇದೆ. ಸಾಮಾನ್ಯರಿಗೆ ಬೇಸರ ತರಿಸುವ ಕ್ರಮಬದ್ಧತೆ ಇವರಲ್ಲಿ ಕೆಲವರಿಗೆ ನೆಮ್ಮದಿ.

ಕೆಲಸ ಕೊಡುವವರು ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಹೇಳುವುದಕ್ಕಿಂತ ಮಾಡಿ ತೋರಿಸಿ. ಮಾಡಬೇಕಾದ ಕೆಲಸದ ಚಿತ್ರಗಳನ್ನು ಗೋಡೆಗೆ ಅಂಟಿಸಿ. ಸಮಯ ಬದಲಾಗುವುದಾದರೆ ಹಿಂದಿನ ದಿನವೇ ತಿಳಿಸಿ. ಗದ್ದಲ ಹೆಚ್ಚಾದಾಗ ಹೋಗಿ ಕೂರಲು ಒಂದು ಮೂಲೆ ಇರಲಿ. ಮತ್ತು ಕೂಲಿ ಕೊಡಿ. "ಅವನಿಗೆ ಹೊತ್ತು ಹೋಗಲಿ ಅಂತ ಇಟ್ಟುಕೊಂಡಿದ್ದೇನೆ" ಎಂದು ಪುಕ್ಕಟೆ ದುಡಿಸಿಕೊಳ್ಳುವುದು ದಾನದ ವೇಷ ತೊಟ್ಟ ಅನ್ಯಾಯ. ಕೊನೆಗೆ ಬಂದವನಿಗೂ ಯಜಮಾನ ಪೂರ್ಣ ಕೂಲಿ ಕೊಟ್ಟನೆಂಬುದನ್ನು ಮರೆಯಬೇಡಿ.

ದುಡಿಯಲಾರದವರ ಪಾಡೇನು?

ಕೆಲವರು ಎಂದೂ ಕೂಲಿಗೆ ಹೋಗಲಾರರು. ಊಟ, ಶೌಚಕ್ಕೂ ಇನ್ನೊಬ್ಬರು ಬೇಕು. ಅವರ ಬೆಲೆ ಕಡಿಮೆಯೇ? ಮನುಷ್ಯನೆಂದರೆ ವಿವೇಕ ಸ್ವಭಾವದ ವ್ಯಕ್ತಿ ಎಂದು ಗುರುಮಠದಲ್ಲಿ ಕಲಿತೆವು. ಆ ಸ್ವಭಾವ ದೇವರು ಕೊಟ್ಟದ್ದು. ಪರೀಕ್ಷೆಯಲ್ಲಿ ಪಾಸಾಗಿ ಗಳಿಸಿದ್ದಲ್ಲ. ದುಡಿಮೆ ಮನುಷ್ಯನಿಗೆ ಗೌರವ ತರುತ್ತದೆ ಎನ್ನುವಾಗ, ದುಡಿಯದವನಿಗೆ ಗೌರವವಿಲ್ಲ ಎಂಬ ಅರ್ಥ ಬಾರದಂತೆ ನಾವು ಎಚ್ಚರ ವಹಿಸಬೇಕು.

ಬೆಂಗಳೂರಿನಲ್ಲಿ 1970ರಲ್ಲಿ ಆಶಾ ನಿಕೇತನ ಎಂಬ ಮನೆ ಆರಂಭವಾಯಿತು. ಅದು ಲಾರ್ಶ್ ಎಂಬ ಅಂತರರಾಷ್ಟ್ರೀಯ ಸಮುದಾಯಕ್ಕೆ ಸೇರಿದ್ದು. ಬುದ್ಧಿವೈಕಲ್ಯವುಳ್ಳವರೂ ಇಲ್ಲದವರೂ ಬೇರೆ ಬೇರೆ ಧರ್ಮದವರಾಗಿದ್ದುಕೊಂಡೇ ಅಲ್ಲಿ ಒಟ್ಟಿಗೆ ಬಾಳಿದರು. ಲಾರ್ಶ್‌ನ ಸ್ಥಾಪಕರಾದ ಜೀನ್ ವನಿಯೆ ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರೆಂಬುದನ್ನು, ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಆ ಸಂಸ್ಥೆಯೇ ನಡೆಸಿದ ತನಿಖೆ ಹೊರಗೆಡವಿತು. ಇದನ್ನು ಮುಚ್ಚಿಟ್ಟು ಪಾಠ ಹೇಳಲಾಗದು. ಒಟ್ಟಿಗೆ ಬಾಳುವ ಆದರ್ಶ ಅದರಿಂದ ಸುಳ್ಳಾಗಲಿಲ್ಲ. ಆದರೆ ಎಷ್ಟು ದೊಡ್ಡವರಾದರೂ ಯಾರನ್ನೂ ಪ್ರಶ್ನೆಯಿಲ್ಲದೆ ನಂಬಬಾರದೆಂಬುದು ಸ್ಪಷ್ಟವಾಯಿತು. ನಡೆದದ್ದನ್ನು ಬಾಯಿಬಿಟ್ಟು ಹೇಳಲಾಗದ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ದಾನ ಕೊಡುವ ಮುನ್ನ ಆ ಸಂಸ್ಥೆಯ ಲೆಕ್ಕಪತ್ರ ಕೇಳಿ. ಹೆತ್ತವರು ಯಾವ ಹೊತ್ತಿನಲ್ಲಾದರೂ ಒಳಗೆ ಹೋಗಬಹುದೇ ಎಂದೂ ಕೇಳಿ.

ಪೂಜೆಯಲ್ಲಿ ಜಾಗ

ಇಲ್ಲಿ ನನ್ನದೇ ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಪ್ರಬೋಧನೆಯ ನಡುವೆ ಒಂದು ಮಗು ಜೋರಾಗಿ ಕೂಗುತ್ತಿತ್ತು. ನಾನು ಮಾತು ನಿಲ್ಲಿಸಿ, "ಮಗುವನ್ನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗಮ್ಮ" ಎಂದೆ. ಆ ತಾಯಿ ಹೋದರು. ಮುಂದಿನ ವಾರ ಬರಲಿಲ್ಲ; ಮತ್ತೆಂದೂ ಬರಲಿಲ್ಲ. ಧ್ವನಿವರ್ಧಕ ಆ ಮಗುವಿನ ಕಿವಿಗೆ ನೋವು ಕೊಡುತ್ತಿತ್ತೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ನಾನು ಹೊರಗೆ ಕಳುಹಿಸಬೇಕಾಗಿದ್ದದ್ದು ಮಗುವನ್ನಲ್ಲ. ತಗ್ಗಿಸಬೇಕಾಗಿದ್ದದ್ದು ನನ್ನ ಧ್ವನಿಯನ್ನು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 777ನೇ ವಿಧಿ, ದೈಹಿಕ ಅಥವಾ ಮಾನಸಿಕ ಅಡಚಣೆ ಇರುವವರಿಗೂ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ನೀಡುವ ಹೊಣೆಯನ್ನು ಧರ್ಮಕೇಂದ್ರದ ಗುರುವಿನ ಮೇಲೆ ಹೊರಿಸಿದೆ. 2020ರ ಧರ್ಮೋಪದೇಶ ಮಾರ್ಗದರ್ಶಿಯ ಪ್ರಕಾರ ವೈಕಲ್ಯವುಳ್ಳವರಿಗೆ ಸಂಸ್ಕಾರಗಳನ್ನು ನಿರಾಕರಿಸುವಂತಿಲ್ಲ. ಪ್ರಶ್ನೋತ್ತರ ಒಪ್ಪಿಸಲಾರದ ಮಗು ಪ್ರಥಮ ಪರಮಪ್ರಸಾದಕ್ಕೆ ಬರಲಾರದೆಂದು ಹೇಳಿ ಕಳುಹಿಸುವ ಮುನ್ನ ಗುರುಗಳೂ ಉಪದೇಶಿಗಳೂ ಇದನ್ನು ನೆನೆಯಬೇಕು. ಜಗದ್ಗುರು ಫ್ರಾನ್ಸಿಸರು 2014ರ ನವೆಂಬರ್ 22ರಂದು ವ್ಯಾಟಿಕನ್‌ನಲ್ಲಿ ಆಟಿಸಂ ಇರುವವರನ್ನೂ ಅವರ ಕುಟುಂಬಗಳನ್ನೂ ಬರಮಾಡಿಕೊಂಡು, ಅವರನ್ನು ಕವಿದಿರುವ ಒಂಟಿತನವನ್ನೂ ಕಳಂಕವನ್ನೂ ಮುರಿಯಬೇಕೆಂದು ಕರೆಕೊಟ್ಟರು. ಆ ಒಂಟಿತನ ಮುರಿಯಲು ನಮ್ಮ ದೇವಾಲಯದ ಬೆಂಚಿಗಿಂತ ಹತ್ತಿರದ ಜಾಗ ಯಾವುದು?

ನಾವು ಮಾಡಬಹುದಾದದ್ದು

1. ಧರ್ಮಕೇಂದ್ರದಲ್ಲಿ ಇಂಥ ಮಕ್ಕಳಿರುವ ಮನೆಗಳನ್ನು ತಿಳಿದುಕೊಳ್ಳೋಣ. ಅನೇಕ ಮನೆಗಳಲ್ಲಿ ಅವರು ಒಳಕೋಣೆಯಲ್ಲಿದ್ದಾರೆ. ಹೋದಾಗ ಉಪದೇಶ ಮಾಡದೆ, ಏನು ಬೇಕೆಂದು ಕೇಳೋಣ. ಪ್ರಭು ಕೂಡ ಕುರುಡನಾದ ಬಾರ್ತಿಮಾಯನನ್ನು ಮೊದಲು ಕೇಳಿದ್ದು ಅದನ್ನೇ.

2. ವಿನ್ಸೆಂಟ್ ದೆ ಪಾಲ್ ಸಭೆಯವರು ಒಂದು ಮಗುವಿನ ಪ್ರಯಾಣದ ಮತ್ತು ತರಬೇತಿಯ ಖರ್ಚನ್ನು ಕನಿಷ್ಠ ಮೂರು ವರ್ಷ ವಹಿಸಿಕೊಳ್ಳಲಿ.

3. ವಿದ್ಯಾವಂತ ಯುವಕ ಯುವತಿಯರು ಕಾಗದಪತ್ರದ ಕೆಲಸದಲ್ಲಿ ಜೊತೆಗೆ ಹೋಗಲಿ: ವೈಕಲ್ಯ ಪ್ರಮಾಣಪತ್ರ ಹಾಗೂ ಯುಡಿಐಡಿ ಗುರುತಿನ ಚೀಟಿ, ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಡಿ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ. 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ನಮ್ಮ ಜಿಲ್ಲಾಡಳಿತ ಭವನ ಇರುವುದು ದೇವನಹಳ್ಳಿ ಬಳಿಯ ಬೀರಸಂದ್ರದಲ್ಲಿ. "ನಮ್ಮ ನಂತರ ಯಾರು" ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಅಲ್ಲಿಂದ ಆರಂಭವಾಗುತ್ತದೆ.

4. ಅಂಗಡಿ, ತೋಟ, ಕಾರ್ಖಾನೆ ಇರುವವರು ಒಂದು ಕೆಲಸ, ಒಂದೇ ಒಂದು, ತೆರೆದಿಡಲಿ. ಧರ್ಮಕೇಂದ್ರವೂ ಶಾಲೆಯೂ ಮೊದಲು ಮೇಲ್ಪಂಕ್ತಿ ಹಾಕಲಿ.

5. ತಿಂಗಳಿಗೊಮ್ಮೆ ಧ್ವನಿವರ್ಧಕವಿಲ್ಲದ, ಚಿಕ್ಕ ಪ್ರಬೋಧನೆಯ ಪೂಜೆ ಇರಲಿ. ಬೇರೆ ವಾರಗಳಲ್ಲಿ ಮಗು ಕೂಗಿದರೆ ಯಾರೂ ತಿರುಗಿ ನೋಡದಿರಲಿ.

6. ತಿಂಗಳಿಗೊಂದು ಮಧ್ಯಾಹ್ನ ಆ ತಾಯಿಗೆ ಬಿಡುವು ಕೊಡೋಣ. ಮಗುವಿನೊಂದಿಗೆ ನಮ್ಮ ಪರಿಚಯ ಬೆಳೆದ ಮೇಲೆ, ಹೆತ್ತವರ ಒಪ್ಪಿಗೆಯಿಂದ, ಇಬ್ಬರು ಒಟ್ಟಿಗೆ ಕುಳಿತು ನೋಡಿಕೊಳ್ಳಲಿ. ಆಕೆ ನೆಮ್ಮದಿಯಾಗಿ ಎರಡು ಗಂಟೆ ನಿದ್ರಿಸಿದರೂ ಅದು ಕರುಣಾಕಾರ್ಯವೇ.

ಆ ಹುಡುಗ ಈಗ

ನಮ್ಮ ಪಾಲನಾ ಸಮಿತಿಯ ಒಬ್ಬರಿಗೆ ಹೂವಿನ ನರ್ಸರಿ ಇದೆ. ಅವರು ಹಿಂಜರಿಯುತ್ತಲೇ ಒಪ್ಪಿದರು. ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಿ ಸಾಲಾಗಿ ಜೋಡಿಸುವ ಕೆಲಸ. ಮೊದಲ ವಾರವೇ ಹುಡುಗ ಕೆಲಸ ಬಿಟ್ಟು ರಸ್ತೆಗೆ ಓಡಿದ. ಎಲ್ಲರೂ ಹೆದರಿ, ಆಗದ ಮಾತೆಂದು ಬಿಡುವುದರಲ್ಲಿದ್ದರು. ಔಷಧ ಸಿಂಪಡಿಸುವ ಮೋಟಾರಿನ ಸದ್ದಿಗೆ ಓಡುತ್ತಾನೆಂದು ಗುರುತಿಸಿದವರು ಅಲ್ಲೇ ಕಳೆ ಕೀಳುವ ಒಬ್ಬ ಅಜ್ಜಿ. ಮೋಟಾರನ್ನು ಅವನು ಮನೆಗೆ ಹೋದ ಮೇಲೆ ಹಾಕುವುದೆಂದು ತೀರ್ಮಾನವಾಯಿತು. ಈಗ ವಾರಕ್ಕೆ ಮೂರು ದಿನ ಹೋಗುತ್ತಾನೆ. ಸಾಲಿಗೆ ಇಪ್ಪತ್ತು ಚೀಲ. ಹತ್ತೊಂಬತ್ತಕ್ಕೆ ನಿಲ್ಲಿಸಲು ಯಾರು ಹೇಳಿದರೂ ಕೇಳುವುದಿಲ್ಲ. ಶನಿವಾರ ಕೂಲಿ ತಂದು ತಾಯಿಯ ಕೈಗೆ ಕೊಡುತ್ತಾನೆ. ಉಳಿದ ದಿನಗಳಲ್ಲಿ ಇನ್ನೂ ಬಾಗಿಲಲ್ಲಿ ಬ್ಯಾಗು ಹಾಕಿಕೊಂಡು ನಿಲ್ಲುತ್ತಾನೆ. ಆ ದಿನಗಳಿಗೂ ಜಾಗ ಹುಡುಕಬೇಕು.

ತಾಯಿಯ ಎರಡನೆಯ ಪ್ರಶ್ನೆಗೆ ಇನ್ನೂ ಪೂರ್ಣ ಉತ್ತರ ಸಿಕ್ಕಿಲ್ಲ. ಆದರೆ ಅವನ ಹೆಸರು ಹಿಡಿದು ಕರೆಯುವವರು ಮೊದಲು ಇಬ್ಬರಿದ್ದರು. ಈಗ ನರ್ಸರಿಯಲ್ಲಿ, ಬಸ್ಸಿನಲ್ಲಿ, ದೇವಾಲಯದಲ್ಲಿ ಸೇರಿ ಹತ್ತಾರು ಮಂದಿ ಇದ್ದಾರೆ. ಉತ್ತರ ಬೆಳೆಯುವುದು ಬಹುಶಃ ಹೀಗೆಯೇ.

ಕುಟುಂಬದಲ್ಲಿ ಚಿಂತನೆಗೆ

– ನಮ್ಮ ಬೀದಿಯಲ್ಲಿ, ಬಂಧುಬಳಗದಲ್ಲಿ ಆಟಿಸಂ ಇರುವ ಮಗುವಿದೆಯೇ? ನಾವು ಕೊನೆಯ ಸಲ ಆ ಮನೆಗೆ ಹೋದದ್ದು ಯಾವಾಗ?

– ನಮ್ಮ ದಾನ ಒಂದು ದಿನದ್ದೋ, ವರ್ಷಗಳದ್ದೋ?

– ನಮ್ಮ ಕೆಲಸದ ಜಾಗದಲ್ಲಿ ಇಂಥವರೊಬ್ಬರು ಮಾಡಬಹುದಾದ ಕೆಲಸ ಯಾವುದು? ಅದಕ್ಕಾಗಿ ನಾವು ಏನನ್ನು ಬದಲಾಯಿಸಬೇಕು?

ಪ್ರಾರ್ಥನೆ

ಪ್ರಭುವೇ, ಹೊತ್ತು ಇಳಿದ ಮೇಲೂ ಆಳುಗಳನ್ನು ಹುಡುಕಿಕೊಂಡು ಹೊರಟವರು ನೀವು. ಯಾರೂ ಕರೆಯದೆ ಬಾಗಿಲಲ್ಲಿ ನಿಂತ ನಮ್ಮ ಮಕ್ಕಳನ್ನು ನೋಡುವ ಕಣ್ಣನ್ನು ನಮಗೆ ಕೊಡಿ. ದಣಿದ ತಾಯಂದಿರಿಗೆ ಬಲವನ್ನೂ, ಮೌನವಾಗಿ ನೊಂದ ತಂದೆಯರಿಗೆ ಧೈರ್ಯವನ್ನೂ ಕೊಡಿ. ನಮ್ಮ ಕೈಯ ಲಕೋಟೆಯನ್ನು ಕೆಳಗಿಟ್ಟು ಅವರ ಕೈ ಹಿಡಿಯಲು ಕಲಿಸಿರಿ. ಆಮೆನ್.